ಏಕಾದಶಿಯ ದಿನ ಬಂದ ನಿಂಬೆ ಶರಬತ್ತು

ಕಮಲಾಪುರದ ಪಾರ್ವತೀಬಾಯಿ ಅರವತ್ನಾಲ್ಕು ವರ್ಷದಲ್ಲಿ ಯಾರ ಮಾತನ್ನೂ ಮೀರಿದವರಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಹಿಂದೆ ಸರಿಯಿರಿ ಎಂದರೆ ಎಲ್ಲರಿಗಿಂತ ಮೊದಲು ಸರಿಯುವವರು. ಅಂಥವರು ಕಲಬುರಗಿಯ ಆರೋಗ್ಯ ಇಲಾಖೆಯ ಕಚೇರಿ ಎದುರು, ಪೊಲೀಸರು ಏಳಿರೆಂದರೂ ಏಳದೆ ಕೂತರು. ಕೂರಿಸಿದ್ದು ಸಿಟ್ಟಲ್ಲ, ಒಬ್ಬ ನರ್ಸಿನ ಉಪಕಾರ.

ಹೋದ ವರ್ಷ ಸೊಸೆ ಮಾಧವಿಯ ಹೆರಿಗೆ ಊರಿನ ಚಿಕ್ಕ ಹೆರಿಗೆ ಕೇಂದ್ರದಲ್ಲಿ ಆಯಿತು. ಕೂಸು ಅಳಲಿಲ್ಲ. ನರ್ಸ್ ಮರಿಯಮ್ ಅದರ ಬಾಯಿ ಮೂಗು ಒರೆಸಿ, ಬೆನ್ನು ತಿಕ್ಕಿ, ಅಂಗೈಯಗಲದ ಮುಖಕ್ಕೆ ಗಾಳಿಯ ಚೀಲ ಹಿಡಿದು ಒತ್ತುತ್ತಲೇ ಇದ್ದಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಪಾರ್ವತೀಬಾಯಿಗೆ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಕೊನೆಗೆ ಕೂಸು ಕೆಮ್ಮಿದಂತೆ ಮಾಡಿ ಅತ್ತಿತು. ಪುರುಡು ಕಳೆದ ಮೇಲೆ ಸೀರೆ, ಖಣ ಹಿಡಿದು ಹೋದರೆ, ಇದು ತನ್ನ ಕೆಲಸ, ಏನೂ ತಗೊಳ್ಳುವ ಹಾಗಿಲ್ಲ ಎಂದು ಮರಿಯಮ್ ನಕ್ಕು ವಾಪಸು ಕಳಿಸಿದಳು. ಕೊಡಲಾಗದೆ ಹೋದದ್ದು ಪಾರ್ವತೀಬಾಯಿಯ ಎದೆಯಲ್ಲೇ ಉಳಿಯಿತು.

ಈ ವರ್ಷ ಮರಿಯಮ್‌ಗೆ ದೂರದ ಊರಿಗೆ ವರ್ಗವಾಯಿತು. ಅವಳ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಇನ್ನು ಕಮಲಾಪುರ, ಮಹಾಗಾಂವದ ಬಸುರಿಯರು ನೋವು ತಿನ್ನುತ್ತಾ ಕಲಬುರಗಿಯ ದಾರಿ ಹಿಡಿಯಬೇಕು. ತೊಗರಿ ವ್ಯಾಪಾರಿ ಖಂಡೆಪ್ಪನವರ ಹೆಂಡತಿ ಶಾರದಾಬಾಯಿ ಹೆಂಗಸರನ್ನು ಕೂಡಿಸಿ, ವರ್ಗ ರದ್ದಾಗಲೆಂದು ಆ ಕಚೇರಿಯೆದುರು ದಿನಕ್ಕೆ ಐವರಂತೆ ಸರದಿ ಉಪವಾಸ ಶುರುಮಾಡಿದರು. ಮೂರನೆಯ ದಿನಕ್ಕೆ ಒಬ್ಬರು ಕಡಿಮೆ ಬಿದ್ದಾಗ ನೇರ ಪಾರ್ವತೀಬಾಯಿಯ ಅಂಗಳಕ್ಕೆ ಬಂದರು.

“ಅಮ್ಮಾರ, ನಾಳೆ ಏಕಾದಶಿ. ಹೆಂಗೂ ಮನ್ಯಾಗ ಉಪಾಸ ಇರ್ತೀರಿ. ಅದನ್ನೇ ಪೆಂಡಾಲಿನಾಗ ಬಂದು ಮಾಡ್ರಿ.”

ಮಂದಿ ಏನಂದಾರು ಎಂದು ಮಗ ಮುಕುಂದ ಅಳುಕಿದ. ಪಾರ್ವತೀಬಾಯಿಗೂ ಅಳುಕಿತ್ತು, ಆದರೆ ಬೇರೆಯದು: ದೇವರ ಉಪವಾಸವನ್ನು ಇನ್ನೊಂದಕ್ಕೆ ಬಳಸಬಹುದೇ? ಬೆಳಿಗ್ಗೆ ದೇವರ ಮುಂದೆ ಕೂತು, ಇವತ್ತಿನದರಲ್ಲಿ ಅರ್ಧ ನಿನ್ನದು, ಅರ್ಧ ಆ ನರ್ಸ್ ಹುಡುಗಿಯದು ಎಂದು ಹೇಳಿ ಬಸ್ಸು ಹತ್ತಿದರು.

ಸಂಜೆ ಐದಕ್ಕೆ ಕಚೇರಿಯ ಸಾಹೇಬರು ಉಪವಾಸ ಬಿಡಿಸಲೆಂದು ತಟ್ಟೆಯಲ್ಲಿ ನಿಂಬೆ ಶರಬತ್ತು ಹೊರಿಸಿಕೊಂಡು, ಫೋಟೋದವರೊಡನೆ ಬಂದರು. ಎಂಟು ದಿನದಲ್ಲಿ ನೋಡೋಣವೆಂದು ಬಾಯಿಮಾತಿನ ಭರವಸೆ ಕೊಟ್ಟರು. ಬಿಸಿಲಿಗೆ ಎಲ್ಲರ ಗಂಟಲೂ ಒಣಗಿತ್ತು. ಶಾರದಾಬಾಯಿಯೇ ಗ್ಲಾಸಿಗೆ ಕೈ ಚಾಚಿದ್ದರು. ಸಾಹೇಬರು ಮೊದಲ ಗ್ಲಾಸನ್ನು ಹಿರಿಯರೆಂದು ಪಾರ್ವತೀಬಾಯಿಗೆ ಹಿಡಿದರು.

“ತಪ್ಪು ತಿಳ್ಕೋಬ್ಯಾಡ್ರಿ ಸಾಹೇಬ್ರ. ಇವತ್ತ ಏಕಾದಶಿ. ನಾಳೆ ಮುಂಜಾನೆ ತನಕ ನಾ ನೀರೂ ಮುಟ್ಟಂಗಿಲ್ರಿ.”

ಫೋಟೋಕ್ಕೆ ಒಂದು ಗುಟುಕಾದರೂ ಸಾಕೆಂದರು ಸಾಹೇಬರು.

“ಫೋಟೋಕ್ಕಂತ ಏಕಾದಶಿ ಬಿಡ್ಲಿಕ್ಕೆ ಬರಂಗಿಲ್ರಿ.”

ಶಾರದಾಬಾಯಿ ಮೆಲ್ಲಗೆ ಕೈ ಹಿಂದೆ ತಗೊಂಡರು. ಅಮ್ಮಾರು ಕುಡಿಯದೆ ತಾವು ಹೇಗೆ ಕುಡಿಯುವುದು, ಬೆಳಿಗ್ಗೆ ಕಾಗದ ಬರೆದುಕೊಂಡೇ ಬನ್ನಿ ಎಂದರು. ಶರಬತ್ತು ಬಂದ ಹಾಗೇ ವಾಪಸು ಹೋಯಿತು.

ಆರಕ್ಕೆ ಪೊಲೀಸರು ಬಂದು, ಪರ್ಮಿಷನ್ ಮುಗಿಯಿತು, ಏಳಿ ಎಂದರು. ಪಾರ್ವತೀಬಾಯಿಯ ಕಾಲುಗಳು ರೂಢಿಯಂತೆ ಏಳಲು ಹೊರಟವು. ಏಕಾದಶಿಯನ್ನು ಸೇಡಂ ರಸ್ತೆಯ ಮಗಳ ಮನೆಯಲ್ಲೂ ಕಳೆಯಬಹುದಿತ್ತು. ಇಲ್ಲೇ ಕೂರಬೇಕೆಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ. ಆದರೆ ಕೂಸು ಅಳುವ ತನಕ ನಿಲ್ಲಿಸದಿದ್ದ ಆ ಕೈ ಕಣ್ಣಿಗೆ ಬಂತು. ಸೆರಗು ಸರಿಮಾಡಿಕೊಂಡು ಮತ್ತೆ ಕೂತರು.

“ಹಿಡಕೊಂಡು ಹೋಗೋದಿದ್ರ ಹೋಗ್ರಪ್ಪ. ಕಾಗದ ಬರೋ ತನಕ ನಾ ಏಳಂಗಿಲ್ಲ.”

ಸಬ್ ಇನ್‌ಸ್ಪೆಕ್ಟರ್ ಫೋನು ಹಿಡಿದು ಆಚೆ ಹೋದರು, ಬಂದರು, ಮತ್ತೆ ಹೋದರು. ಕೊನೆಗೆ ಇಬ್ಬರು ಮಹಿಳಾ ಪೇದೆಗಳನ್ನು ಕಾವಲಿಗೆ ಬಿಟ್ಟು ಹೊರಟರು.

ಬೆಳಿಗ್ಗೆ ಏಳೂವರೆಗೆ ಕಾಗದ ಬಂತು. ವರ್ಗ ರದ್ದು. ಪಾರ್ವತೀಬಾಯಿ ಅದನ್ನು ತಾರೀಖು, ಸಹಿ, ಶಿಕ್ಕಾ ಸಮೇತ ಎರಡು ಸಲ ಓದಿಸಿದರು. ಪಾರಣೆಯ ಹೊತ್ತು ಮೀರದಂತೆ ಆಟೋ ಹಿಡಿದು ಮಗಳು ಮಂಜುಷಾಳ ಮನೆಗೆ ಹೋಗಿ, ಸ್ನಾನ ಮಾಡಿ, ತೀರ್ಥ ತಗೊಂಡು, ಬಿಸಿ ಅನ್ನಕ್ಕೆ ಕೈ ಹಾಕಿದರು.

ನಾಲ್ಕು ದಿನ ಬಿಟ್ಟು ಹೆರಿಗೆ ಕೇಂದ್ರಕ್ಕೆ ಹೋದಾಗ, ವಾಪಸು ಬಂದಿದ್ದ ಮರಿಯಮ್ ಮಹಾಗಾಂವದ ಬಸುರಿಯೊಬ್ಬಳ ರಕ್ತದೊತ್ತಡ ನೋಡುತ್ತಿದ್ದಳು. ಇವರನ್ನು ಕಂಡದ್ದೇ ಆ ಪಟ್ಟಿಯನ್ನು ಇವರ ತೋಳಿಗೆ ಸುತ್ತಿ, ಈ ವಯಸ್ಸಿಗೆ ನೀರಿಲ್ಲದೆ ಬಿಸಿಲಲ್ಲಿ ಕೂತದ್ದಕ್ಕೆ ಬೈಯತೊಡಗಿದಳು. ಪಾರ್ವತೀಬಾಯಿ ಒಂದು ಮಾತೂ ಎದುರಾಡದೆ, ಬೈಗುಳ ಮುಗಿಯುವ ತನಕ ಹಿತವಾಗಿ ಕೇಳಿಸಿಕೊಂಡರು.

“ಮುಂದಿನ ಏಕಾದಶಿಗೆ ನೀರಾದ್ರೂ ಕುಡೀತೀರಿಲ್ಲೋ?” ಎಂದಳು ಮರಿಯಮ್.

“ಅದೊಂದು ಬಿಟ್ಟು ಬ್ಯಾರೆ ಏನರ ಹೇಳವ್ವಾ, ಕೇಳ್ತೀನಿ.”