ಮ್ಯೂಟ್ ಬಟನ್ನಿನೊಳಗಿನ ಎಳ್ಳು

ರಿಮೋಟಿನ ಮ್ಯೂಟ್ ಬಟನ್ನಿನ ಸಂದಿಯಲ್ಲಿ ಒಂದು ಕರಿ ಎಳ್ಳು ಸಿಕ್ಕಿಕೊಂಡಿತ್ತು. ಸೋದರತ್ತೆ ಕರಿದ ಚಕ್ಕುಲಿಯಿಂದ ಉದುರಿದ್ದು. ಒಂದು ಎಳ್ಳು ಇಷ್ಟೆಲ್ಲ ಮಾಡಬಹುದೆಂದು ಆ ಶನಿವಾರದ ತನಕ ನನಗೆ ತಿಳಿದಿರಲಿಲ್ಲ.

ಆಗ ನಾನು ಅಮೆರಿಕದ ಸ್ಯಾನ್ ಹೊಸೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಓದು ಮುಗಿಸಿ ಒಂದು ಹೊಸ ಕಂಪನಿ ಸೇರಿದ್ದೆ. ಒಂದು ವಿಚಿತ್ರ ಹೆಸರು, ಅದರ ಕೊನೆಗೊಂದು ಡಾಟ್ ಕಾಮ್, ನಾಲ್ಕು ಬಣ್ಣದ ಕುರ್ಚಿ ಇದ್ದರೆ ಕಂಪನಿ ಹುಟ್ಟಿಬಿಡುತ್ತಿದ್ದ ಕಾಲ ಅದು. ಹತ್ತಿರದ ಊರು ಪ್ಲೆಸೆಂಟನ್‌ನಲ್ಲಿ ಕೆಲಸದಲ್ಲಿದ್ದ ಮೈಸೂರಿನವರೊಬ್ಬರ ಸಂಬಂಧವನ್ನು ಅತ್ತೆ ನನಗಾಗಿ ಹುಡುಕಿದ್ದರು. ಎರಡು ಸಲ ಭೇಟಿಯಾಗಿದ್ದೆವು. ನೀವು ಏನು ಓದಿದ್ದು, ನಿಮಗೆ ಟ್ರಾಫಿಕ್ಕು ಸಿಗುತ್ತದೆಯೆ, ನೀವು ಯಾವ ಫ್ರೀವೇಯಲ್ಲಿ ಬಂದಿರಿ. ಇಬ್ಬರದೂ ಅಳೆದು ಆಡುವ ಮಾತು. ಅವರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಆದರೆ ನಮ್ಮಿಬ್ಬರನ್ನು ಒಂದೇ ಮನೆಯಲ್ಲಿಟ್ಟರೆ ಅಲ್ಲಿ ಸದ್ದು ಮಾಡುವುದು ಫ್ರಿಜ್ ಒಂದೇ ಎಂದು ನನಗೆ ಖಚಿತವಾಗಿತ್ತು. ಬೇಡ ಎಂಬ ಉತ್ತರ ಮನಸ್ಸಿನಲ್ಲಿ ಸಿದ್ಧವಾಗಿತ್ತು.

“ಇವತ್ತು ಅವರಮ್ಮನೂ ಬರ್ತಾರೆ. ಸೋಮವಾರ ಊರಿಗೆ ಹೊರಡ್ತಾರಂತೆ,” ಎಂದು ಅತ್ತೆ ಬಾಣಲೆಯ ಮುಂದೆ ನಿಂತೇ ಹೇಳಿದ್ದರು. “ನಾಳೆ ಬೆಳಿಗ್ಗೆ ಒಂದು ಮಾತು ಹೇಳಿಬಿಡು ಕಣೇ. ಹೂಂ, ಇಲ್ಲ ಉಹೂಂ. ‘ನೋಡೋಣ’ ಅಂತ ಮಾತ್ರ ಅನ್ಬೇಡ.”

ತಾಯಿ-ಮಗ ಮಧ್ಯಾಹ್ನ ಬಂದರು. ತಾಯಿ ಸೋಫಾದಲ್ಲಿ ಕಾಲು ಮಡಿಚಿ ಕೂತು ನನ್ನ ಕಡೆ ತಿರುಗಿದರು.

“ನಿಮ್ಮ ಕಂಪನಿ ಏನು ಮಾರುತ್ತಮ್ಮಾ?”

“ಇನ್ನೂ ಏನೂ ಮಾರಲ್ಲ ಆಂಟಿ.”

“ಮತ್ತೆ ಸಂಬಳ?”

“ಕೊಡ್ತಾರೆ.”

ಅವರು ಮಗನ ಮುಖ ನೋಡಿದರು. ಮಗ ಕೈಯಲ್ಲಿದ್ದ ಚಕ್ಕುಲಿಯ ಸುತ್ತುಗಳನ್ನು ಪರೀಕ್ಷಿಸುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ಹೀಗಾಗಬಹುದೆಂದೇ ಅತ್ತೆ ಒಂದು ಸಿನಿಮಾ ತಂದಿಟ್ಟಿದ್ದರು. ಅದು ಆ ತಾಯಿಯದೇ ಆಸೆ. ಕಾಲೇಜಿನಲ್ಲಿದ್ದಾಗ ಅವರು ಮೈಸೂರಿನಲ್ಲಿ ಗೆಳತಿಯರೊಂದಿಗೆ ಬೆಳಗಿನ ಆಟಕ್ಕೆ ಹೋಗಿ ಒಂದು ಹಳೆಯ ಹಾಲಿವುಡ್ ಚಿತ್ರ ನೋಡಿದ್ದರಂತೆ. ಪತ್ರಿಕೆಯವರ ಕಥೆ, ಕಪ್ಪು ಬಿಳುಪು, ಭಾರಿ ತಮಾಷೆಯದು. “ಒಂದು ಮಾತೂ ಅರ್ಥ ಆಗ್ಲಿಲ್ಲ. ಅಷ್ಟು ಸ್ಪೀಡು! ಮುಂದಿನ ಸಾಲಿನೋರು ನಕ್ಕಾಗ ನಾವೂ ನಕ್ವಿ. ಯಾಕೆ ನಕ್ಕೆ ಅಂತ ಇವತ್ತಾದ್ರೂ ಗೊತ್ತಾಗ್ಲಿ,” ಎಂದರು. ಅತ್ತೆಗೆ ಲೈಬ್ರರಿಯಲ್ಲಿ ಅದರ ಕ್ಯಾಸೆಟ್ಟು ಸಿಕ್ಕಿತ್ತು.

ಚಿತ್ರ ಶುರುವಾಗಿ ಹೆಸರುಗಳು ಮುಗಿಯುವಷ್ಟರಲ್ಲಿ ಫೋನ್ ಬಂತು. ಅತ್ತೆ ಮ್ಯೂಟ್ ಒತ್ತಿ ಎತ್ತಿಕೊಂಡರು. ದೂರದ ಕರೆಗಳನ್ನು ಅಗ್ಗಕ್ಕೆ ಕೊಡುತ್ತೇವೆನ್ನುವ ಯಾವುದೋ ಕಂಪನಿ. ಇಟ್ಟು ಬಂದು ಮತ್ತೆ ಒತ್ತಿದರೆ ಬಟನ್ನು ಒಳಗೇ ಕೂತುಬಿಟ್ಟಿತ್ತು. ಟಿ.ವಿ.ಯ ಮೈಮೇಲಿನ ಬಟನ್ನಿನಿಂದ ಧ್ವನಿ ಏರಿಸಿದರೆ ಒಮ್ಮೆ ಬಿಕ್ಕಳಿಸಿ ಮತ್ತೆ ನಿಲ್ಲುತ್ತಿತ್ತು. ಧ್ವನಿ ನಿಂತಾಗಲೆಲ್ಲ ಆ ಟಿ.ವಿ.ಯ ಕೆಳಭಾಗದಲ್ಲಿ ಮಾತುಗಳು ಇಂಗ್ಲಿಷ್ ಅಕ್ಷರಗಳಾಗಿ ಓಡುತ್ತಿದ್ದವು. ಈಗಲೂ ಓಡತೊಡಗಿದವು.

“ನೀನು ಓದಿ ಕನ್ನಡದಲ್ಲಿ ಹೇಳೇ,” ಎಂದರು ಅತ್ತೆ. ಹೀಗೆ ಆ ಚಿತ್ರ ನನ್ನ ಬಾಯಿಗೆ ಬಿತ್ತು.

ಕಥೆ ಸರಳ. ಊರಿನ ದೊಡ್ಡ ಶ್ರೀಮಂತ ಸತ್ತನೆಂದು ಪತ್ರಿಕೆಯಲ್ಲಿ ಅಚ್ಚಾಗಿದೆ. ಸತ್ತವನು ತನ್ನ ಸಾವಿನ ಸುದ್ದಿ ಹಿಡಿದುಕೊಂಡು ಕಚೇರಿಗೇ ಬಂದಿದ್ದಾನೆ. ಸಂಪಾದಕ ಮತ್ತು ಒಬ್ಬ ವರದಿಗಾರ್ತಿ ಸಂಜೆಯ ಆವೃತ್ತಿ ಹೊರಡುವ ತನಕ ಅವನನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಡಬೇಕು.

“ಅವಳು ಏನು ಹೇಳ್ತಿದಾಳೆ ಅಂದ್ರೆ ಆಂಟಿ, ನೆನ್ನೆ ಸತ್ತುಹೋದ್ರು ಅಂತ ನೀವೇ ಬರೆದಂಥ ಮನುಷ್ಯ ಇವತ್ತು ಬಾಗಿಲಲ್ಲಿ ಬಂದು...”

ನಿಂತಿದ್ದಾರೆ ಎನ್ನುವಷ್ಟರಲ್ಲಿ ಆ ಮನುಷ್ಯ ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಹೋಗಿಯಾಗಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಶಾಲೆಯಲ್ಲಿ ಕಲಿತ ಆ ಸಂಗತಿ ಒಂದು ಅಡಚಣೆಯೂ ಹೌದೆಂದು ನನಗೆ ಅಂದೇ ಗೊತ್ತಾಗಿದ್ದು. ಆ ತಾಯಿ ನಾನು ಕ್ರಿಯಾಪದ ಮುಟ್ಟುವ ತನಕ ಕಾದು, ಮರ್ಯಾದೆಗೆ ನಗುತ್ತಿದ್ದರು. ಮೈಸೂರಿನ ಮುಂದಿನ ಸಾಲಿಗಿಂತ ನಾನು ಕೆಟ್ಟದಾಗಿ ಕೆಲಸ ಮಾಡುತ್ತಿದ್ದೆ.

ಆಗ ಪಕ್ಕದ ಕುರ್ಚಿಯಿಂದ ಮಗನ ಧ್ವನಿ ಬಂತು. “ಗಂಡಸಿನ ಮಾತು ನಾನು ಹೇಳ್ತೀನಿ. ನೀವು ಹೆಂಗಸಿಂದು ಹೇಳಿ. ‘ಅವಳು ಹೇಳ್ತಾಳೆ’ ಅನ್ನೋದನ್ನ ಬಿಟ್ಟುಬಿಡಿ.”

ಇಂಗ್ಲಿಷಿನ ‘ಯೂ’ ಮೇಲಧಿಕಾರಿಗೂ ಸಲ್ಲುತ್ತದೆ, ಬೆಕ್ಕಿಗೂ ಸಲ್ಲುತ್ತದೆ. ಕನ್ನಡದಲ್ಲಿ ಆರಿಸಿಕೊಳ್ಳಬೇಕು. ಸಂಪಾದಕ ಅವಳಿಗಿಂತ ಮೇಲಿನವನಾದ್ದರಿಂದ ನಾನು ‘ನೀವು’ ಎಂದು ಆರಿಸಿಕೊಂಡೆ. ಅವರೂ ಹಾಗೆಯೇ ಶುರು ಮಾಡಿದರು.

“ಸತ್ತಿಲ್ಲ ಅನ್ನೋದಕ್ಕೆ ಸಾಕ್ಷಿ ಏನಿದೆ ಸ್ವಾಮಿ ನಿಮ್ಹತ್ರ?”

“ಸರ್, ನಿಮ್ಮೆದುರಿಗೇ ನಿಂತಿದ್ದಾರೆ.”

“ನಿಂತಿರೋದು ಸುದ್ದಿ ಅಲ್ಲಮ್ಮ. ಸತ್ತಿರೋದು ಸುದ್ದಿ.”

“ಹಾಗಾದ್ರೆ ಸಂಜೆ ತನಕ ಸತ್ತಿರೋಕೆ ಒಪ್ಪಿಸಿ.”

“ಒಪ್ಪಿಸ್ತೀನಿ. ಮೊದ್ಲು ಅವರ ಟೋಪಿ ಕಿತ್ಕೊಳ್ಳಿ!”

ಆ ತಾಯಿ ಈ ಸಲ ಯಾರನ್ನೂ ಕಾಯದೆ ನಕ್ಕರು. ಅತ್ತೆ ಕಾಫಿಯನ್ನು ಮರೆತು ನೆಲದ ಮೇಲೆ ಕೂತುಬಿಟ್ಟರು. ಶ್ರೀಮಂತನನ್ನು ಫೋಟೋ ತೊಳೆಯುವ ಕತ್ತಲ ಕೋಣೆಗೆ ನೂಕಿದರು, ಅವನು ಹೊರಗೆ ಬಂದ, ಮತ್ತೆ ನೂಕಿದರು. ಅಕ್ಷರಗಳು ಓಡುತ್ತಿದ್ದವು, ನಾವು ಅವುಗಳ ಬೆನ್ನು ಹತ್ತಿದ್ದೆವು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಬೀಳುತ್ತಿತ್ತು. ನಾನು ಅಷ್ಟು ಜೋರಾಗಿ ಅದಕ್ಕೆ ಮುಂಚೆ ಎಲ್ಲಿಯೂ ಮಾತಾಡಿದ್ದಿಲ್ಲ. ಕಿವಿ ಬಿಸಿಯಾಗಿತ್ತು. ನಿಲ್ಲಿಸಲು ಮಾತ್ರ ಮನಸ್ಸಿರಲಿಲ್ಲ.

ಕೊನೆಯ ಹೊತ್ತಿಗೆ ಇಬ್ಬರಿಗೂ ಜಗಳ ಹತ್ತುತ್ತದೆ. ಅವಳು ಎದುರಾಳಿ ಪತ್ರಿಕೆಗೆ ಹೋಗುತ್ತೇನೆನ್ನುತ್ತಾಳೆ.

“ಹೋಗಿ. ಯಾರು ಬೇಡ ಅಂದ್ರು?”

“ಹೋಗ್ತಾನೇ ಇದೀನಿ!”

“ಛತ್ರಿ ಮರೀಬೇಡಿ. ಆಮೇಲೆ ಅದೇ ನೆಪ ಮಾಡ್ಕೊಂಡು ಬರ್ತೀರಿ.”

ತೆರೆಯ ಮೇಲೆ ಅವಳು ಛತ್ರಿಯನ್ನು ನೆಲಕ್ಕೆ ಕುಕ್ಕಿದಳು. ನಾನು ಸೋಫಾದ ದಿಂಬನ್ನು ಕುಕ್ಕಿದೆ.

“ನಿನ್ನಂಥ ಸುಳ್ಳುಗಾರನ್ನ ನಾನು ಎಲ್ಲೂ ನೋಡಿಲ್ಲ ಕಣೋ!”

ನಿನ್ನಂಥ ಎಂಬುದೊಂದನ್ನಾದರೂ ತೆರೆಯ ಮೇಲಿನ ‘ಯೂ’ವಿನ ತಲೆಗೆ ಕಟ್ಟಬಹುದಿತ್ತು. ‘ಕಣೋ’ ಯಾವ ಅಕ್ಷರದಲ್ಲೂ ಇರಲಿಲ್ಲ. ಅದು ನನ್ನದೇ. ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನನಗೆ ದಿಂಬಿನೊಳಗೆ ಹೋಗಿ ಜಿಪ್ ಎಳೆದುಕೊಳ್ಳೋಣವೆನಿಸಿತು.

“ನೋಡಿಲ್ವಾ?” ಎಂಬ ಉತ್ತರ ತಕ್ಷಣ ಬಂತು. “ಸರಿಯಾಗಿ ನೋಡೇ!”

ನಾನು ತೆರೆಯನ್ನು ನೋಡಿದೆ. ಅಲ್ಲಿ ಮುಚ್ಚಿದ ಒಂದು ಬಾಗಿಲಿತ್ತು. ಕೆಳಗೆ ಒಂದಕ್ಷರವೂ ಇರಲಿಲ್ಲ. ಸಂಪಾದಕ ಏನೂ ಹೇಳಿರಲಿಲ್ಲ.

“ಇದನ್ನ ಅವನು ಅಂದ್ನಾ?” ಎಂದು ತಾಯಿ ಕಣ್ಣು ಕಿರಿದು ಮಾಡಿ ಕೇಳಿದರು.

“ಅನ್ಬೇಕಿತ್ತು ಅಮ್ಮ,” ಎಂದ ಅವನು.

ಆಮೇಲೆ ಚಿತ್ರ ಹೇಗೆ ಮುಗಿಯಿತೋ ನಾನು ಹೇಳಲಾರೆ. ನಾಲ್ವರೂ ನಗುತ್ತಿದ್ದೆವು. ಅತ್ತೆ ಕಣ್ಣೊರೆಸಿಕೊಳ್ಳುತ್ತ “ಸಾಕ್ರೋ, ಹೊಟ್ಟೆ ನೋವು” ಎನ್ನುತ್ತಿದ್ದುದು ನೆನಪಿದೆ. ಸತ್ತ ಶ್ರೀಮಂತನನ್ನು ಯಾರೂ ವಿಚಾರಿಸಲಿಲ್ಲ.

ಹೊರಡುವಾಗ ಅವನ ತಾಯಿ ನನ್ನ ಕೆನ್ನೆ ತಟ್ಟಿದರು. “ಇಷ್ಟು ವರ್ಷದ ಮೇಲೆ ಅರ್ಥ ಆಯ್ತಮ್ಮಾ. ಅರ್ಧ ನೀವೇ ಸೇರಿಸಿದ್ದು ಅಂತಾನೂ ಅರ್ಥ ಆಯ್ತು.” ಅವರು ಅತ್ತೆಯೊಡನೆ ಕಾರಿನ ಕಡೆ ನಡೆದರು. ಅವನು ಬಾಗಿಲಲ್ಲಿ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ.

“ರಿಮೋಟಿನ ಸೆಲ್ ತೆಗೆದಿದ್ರೆ ಸೌಂಡು ಬಂದಿರೋದು,” ಎಂದ, ಲೇಸನ್ನೇ ನೋಡುತ್ತ.

“ಯಾವಾಗ ಹೊಳೀತು?”

“ಮೊದಲೇ.”

“ಹೇಳ್ಬಹುದಿತ್ತಲ್ಲ.”

“ಹೇಳ್ಬಹುದಿತ್ತು.”

ಇಷ್ಟೇ ನಾವು ಆಡಿದ್ದು. ನೀವು ಎಂಬುದಾಗಲಿ ನೀನು ಎಂಬುದಾಗಲಿ ಬಾರದಂತೆ ಇಬ್ಬರೂ ಎಚ್ಚರದಿಂದ ಆಡಿದೆವು. ಹಾಗೆ ಆಡಲು ಕನ್ನಡದಲ್ಲಿ ಅವಕಾಶವಿದೆ, ಆದರೆ ಬಹಳ ದೂರ ಹೋಗಲಾಗುವುದಿಲ್ಲ.

ಕಾರು ತಿರುವು ದಾಟಿದ ಮೇಲೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಕಣೋ ಅಂತೀಯಲ್ಲೇ! ಅವರಮ್ಮನ ಎದುರಿಗೆ!” ಎಂದವರು ಮತ್ತೆ ನಗತೊಡಗಿದರು. “ನಾನು ಮಧ್ಯೆ ಬರಲ್ಲಮ್ಮ. ನಾಳೆ ನೀನೇ ಫೋನ್ ಮಾಡಿ ಹೇಳ್ಕೋ.”

ಮರುದಿನ ಬೆಳಿಗ್ಗೆ ನಾನು ಒಂದು ಗುಂಡುಪಿನ್ನು ತಂದು ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಎಳ್ಳು ಇಡಿಯಾಗಿ ಹೊರಬಂತು. ಬಟನ್ನು ಒತ್ತಿದರೆ ಟಿ.ವಿ.ಯಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. ಇನ್ನೊಮ್ಮೆ ಒತ್ತಿ ಸುಮ್ಮನಾಗಿಸಿದೆ. ಅತ್ತೆ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದರು. ನಾನು ಪ್ಲೆಸೆಂಟನ್‌ಗೆ ಫೋನ್ ಮಾಡಿದೆ. ಅವನ ತಾಯಿ ಎತ್ತಿಕೊಂಡರು, ನನ್ನ ಧ್ವನಿ ಕೇಳಿದ್ದೇ ಏನೂ ವಿಚಾರಿಸದೆ ಮಗನನ್ನು ಕೂಗಿದರು. ಹೆಜ್ಜೆ ಸಪ್ಪಳ, ಆಮೇಲೆ ನಿದ್ದೆಗಣ್ಣಿನ ಒಂದು ಹಲೋ.

“ಎದ್ಯಾ?” ಎಂದೆ.