ಬಿಳಿಗಾರದ ನೀರಿನ ಗುಮಾನಿ

ಚಂದ್ರಭಾಗಾ ಯಾರನ್ನೂ ಒಂದೇ ಮಾತಿಗೆ ನಂಬಿದವಳಲ್ಲ. ಹಾಲಿನವಳ ಚರಿಗೆಯಲ್ಲಿ ಬೆರಳದ್ದಿ ನೋಡುವಳು. ಬೆಲ್ಲದ ಪೆಂಟೆ ಒಡೆಸಿ ಒಳಗಿನ ಬಣ್ಣ ನೋಡಿದ ಮೇಲೆಯೇ ತೂಗಿಸುವಳು.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. ಅಕ್ಕಲಕೋಟ ಸೀಮೆಯ ಕರಜಗಿ ಅವಳ ತವರು. ಅವಳು ಚಿಕ್ಕವಳಿದ್ದಾಗ ಒಬ್ಬ ಬೈರಾಗಿ ಬಂದು, ತಾಮ್ರವನ್ನು ಬಂಗಾರ ಮಾಡುತ್ತೇನೆಂದು ಹಿತ್ತಲಲ್ಲಿ ಒಲೆ ಹೂಡಿದ್ದ. ತಾಯಿಯ ಕೊರಳ ಟೀಕಿಯನ್ನು 'ಬೀಜಕ್ಕೆ' ಅಂತ ಇಸಕೊಂಡು ಮೂಸೆಗೆ ಹಾಕಿದ, ಮೇಲೆ ಬಿಳಿಗಾರ ಉದುರಿಸಿದ. 'ಒಳಗ ಕೆಲಸ ನಡದದ, ಮುಚ್ಚಳಾ ತೆಗೀಬ್ಯಾಡ್ರಿ' ಎಂದ. ಅವನು ಊರು ಬಿಟ್ಟ ಮೇಲೆ ತೆಗೆದರೆ ಒಳಗೆ ಬರೀ ಬೂದಿ. ಅಪ್ಪ ಆ ಮೂಸೆಯ ಮುಂದೆ ಕುಕ್ಕರಗಾಲಲ್ಲಿ ಕೂತದ್ದು ಅವಳ ಕಣ್ಣಿನಿಂದ ಹೋಗಲೇ ಇಲ್ಲ.

ಹಾಗಾಗಿ ೧೯೩೫ರ ಬೇಸಿಗೆಯಲ್ಲಿ, ಸೊಲ್ಲಾಪುರದ ಗಂಡನ ಮನೆಯಲ್ಲಿ ಮೈದುನ ಸಾತಲಿಂಗಪ್ಪನ ಕೋಣೆಯಿಂದ ಬಿಳಿಗಾರದ ಪೊಟ್ಟಣ ಹೊರಬಿದ್ದಾಗ ಅವಳಿಗೆ ಆ ಬೂದಿಯ ಮೂಸೆ ನೆನಪಾಯಿತು. ಅದು ಅಕ್ಕಸಾಲಿಗರು ಬೆಸುಗೆಗೆ ಬಳಸುವ ವಸ್ತು. ನೂಲಿನ ಅಂಗಡಿಯಲ್ಲಿ ಅಣ್ಣನ ಜೊತೆ ಕೂಡುವ ಹುಡುಗನಿಗೆ ಅದೇಕೆ? ಉಪ್ಪಿನಕಾಯಿಯ ಗಾಜಿನ ಭರಣಿಗಳು ನಾಲ್ಕು ಕಾಣೆಯಾಗಿದ್ದವು. ಅನ್ನ ಬಸಿಯುವ ಜರ್ಮನ್ ಪಾತ್ರೆಯೂ ಇರಲಿಲ್ಲ; ಅಲ್ಯೂಮಿನಿಯಮ್ಮಿಗೆ ಆ ಕಡೆ ಜರ್ಮನ್ ಎನ್ನುವರು.

ಅವಳು ಗಂಡನಿಗೆ ಹೇಳಲಿಲ್ಲ. ಮೊದಲು ಪೆಟ್ಟಿಗೆ ತೆರೆದು ಒಡವೆಗಳನ್ನೆಲ್ಲ ಮುಟ್ಟಿ ನೋಡಿದಳು. ಎಲ್ಲವೂ ಇದ್ದವು. ಇವತ್ತು ಇದ್ದದ್ದು ನಾಳೆ ಇದ್ದೀತೆಂಬ ಭರವಸೆ ಏನು? ಪೆಟ್ಟಿಗೆಯನ್ನು ಜೋಳದ ಕಣಜದೊಳಗೆ ಹುಗಿದಿಟ್ಟಳು. ಆಮೇಲೆ ಪತ್ತಾರ ಹಣಮಂತಪ್ಪನ ಅಂಗಡಿಗೆ ಹೋಗಿ, ಮೂಗುತಿ ಸಡಿಲಾಗಿದೆ ಎಂದು ನೆಪ ಹೇಳಿ ಮಾತು ತೆಗೆದಳು.

"ನಮ್ಮ ಸಾತಲಿಂಗ ಈ ಕಡಿ ಬಂದಿದ್ದೇನ್ರಿ?"

"ಬಂದಿದ್ದರೀ ಬಾಯಿ. ಬಿಳಿಗಾರ ಒಯ್ದ. ಸೀಸದ ತಗಡು ಎಲ್ಲಿ ಸಿಗ್ತದಂತ ಕೇಳ್ದ. ಯಾಕಂತ ಕೇಳಿದ್ರ ನಕ್ಕ."

ನಕ್ಕನಂತೆ! ಬೈರಾಗಿಯೂ ನಗುತ್ತಿದ್ದ.

ಮಧ್ಯಾಹ್ನ ಅವಳು ಕೋಣೆಯ ಬಾಗಿಲು ತಳ್ಳಿಕೊಂಡೇ ಒಳಗೆ ಹೋದಳು. ಮೇಜಿನ ಮೇಲೆ ಅವಳ ಭರಣಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ನೀರಿನಲ್ಲೂ ಒಂದು ಸೀಸದ ತಗಡು, ಒಂದು ಜರ್ಮನ್ ತಗಡು. ಅವುಗಳ ತಲೆಯಿಂದ ತಂತಿ ಹೊರಟು ಒಂದಕ್ಕೊಂದು ಹೆಣೆದುಕೊಂಡಿತ್ತು.

"ಏನ ಕರಗಿಸಾಕತ್ತೀ?" ಎಂದಳು.

ಸಾತಲಿಂಗಪ್ಪ ಬೆಚ್ಚಿ ಎದ್ದ. "ಏನೂ ಇಲ್ಲ ವೈನಿ. ರೇಡಿಯೋದ ಬ್ಯಾಟರಿಗಿ."

ರೇಡಿಯೋ ಅವನು ಮುಂಬಯಿಯಿಂದ ತಂದದ್ದು. ಅದು ಹಾಡಬೇಕಾದರೆ ಆಸಿಡ್ ತುಂಬಿದ ಭಾರದ ಬ್ಯಾಟರಿಯನ್ನು ಟಾಂಗಾದಲ್ಲಿಟ್ಟು ಸ್ಟೇಷನ್ ಹತ್ತಿರದ ಮೋಟಾರು ಗ್ಯಾರೇಜಿಗೆ ಒಯ್ದು ಕರೆಂಟು ತುಂಬಿಸಿ ತರಬೇಕು. ಅವನ ಧೋತರಗಳೆಲ್ಲ ಆಸಿಡ್ ಬಿದ್ದು ತೂತಾಗಿದ್ದವು. ಮನೆಗೇ ದೀಪದ ತಂತಿ ಬಂದಿರುವಾಗ ಇಲ್ಲೇ ಏಕೆ ತುಂಬಬಾರದು ಎಂಬುದು ಅವನ ಹಂಚಿಕೆ.

"ನಮ್ಮ ತಂತ್ಯಾಗಿನ ಕರೆಂಟ್ ಮಗ್ಗದ ಲಾಳಿ ಇದ್ದಂಗ, ವೈನಿ. ಆ ಕಡಿ ಹೋಗ್ತದ, ಈ ಕಡಿ ಬರ್ತದ. ಬ್ಯಾಟರಿಗಿ ಒಂದೇ ಕಡಿ ಹೋಗೂದು ಬೇಕು. ಮೊದಲ ಈ ತಂತಿ ಸುತ್ತಿದ ಸುರುಳಿ ಅದರ ಜೋರು ಇಳಸ್ತದ. ಆಮ್ಯಾಲ ಈ ಭರಣಿ ಬಾಗಲದಂಗ ಕೆಲಸ ಮಾಡ್ತಾವ. ಹೋಗೂದಕ್ಕ ತೆರೀತಾವ, ಬರೂದಕ್ಕ ಮುಚ್ಚತಾವ."

"ಬಾಗಲಾ ಎಲ್ಲದ?"

"ಜರ್ಮನ್ ತಗಡಿನ ಮೈಮ್ಯಾಲ ತೆಳ್ಳಗ ಪೊರಿ ಕಟ್ತದ, ಅದೇ. ಕಣ್ಣಿಗಿ ಕಾಣಂಗಿಲ್ಲ."

"ಕಾಣದ್ದನ್ನ ನಂಬ್ರಿ ಅಂದಾಂವ ನಮ್ಮಪ್ಪನ ಮನಿಗೂ ಬಂದಿದ್ದ." ಅವಳು ಬಾಗಿಲಲ್ಲೇ ಕೂತುಬಿಟ್ಟಳು. "ಮಾಡು, ನಾ ನೋಡ್ತೀನಿ."

ಅಂದಿನಿಂದ ಅಡಿಗೆ ಮುಗಿದೊಡನೆ ಅವಳ ಕಾವಲು ಅಲ್ಲಿಯೇ. ಅವನು ಗುಂಡಿ ಒತ್ತುವನು, ಕಾಯುವನು, ಬ್ಯಾಟರಿಯನ್ನು ರೇಡಿಯೋಕ್ಕೆ ಜೋಡಿಸುವನು. ರೇಡಿಯೋ ಗೊರಗೊರ ಅಂದು ಸುಮ್ಮನಾಗುವುದು. ಬ್ಯಾಟರಿ ತುಂಬುತ್ತಲೇ ಇರಲಿಲ್ಲ. ತಂತಿ ಬಿಚ್ಚಿ ಮತ್ತೆ ಕಟ್ಟಿದ, ಬಿಳಿಗಾರ ಹೆಚ್ಚು ಮಾಡಿದ. ಚಂದ್ರಭಾಗಾಳ ಗುಮಾನಿ ಬಲಿಯಿತು. ಕೆಲಸ ಸುಳ್ಳು, ಸೋಗು ನಿಜ.

ಒಂದು ದಿನ ಅವನು ಗುಂಡಿ ಆರಿಸಿ ಬೇಸತ್ತು ಗೋಡೆಗೊರಗಿದಾಗ ಅವಳು ಎದ್ದು, ಭರಣಿಗಳನ್ನು ಒಂದೊಂದಾಗಿ ಅಂಗೈಯಿಂದ ಮುಟ್ಟಿದಳು. ಬಿಸಿ ಹಾಲಿನ ಪಾತ್ರೆ ಮುಟ್ಟುವ ಹಾಗೆ.

"ಇದೊಂದ್ಯಾಕ ಸುಡಾಕತ್ತದ? ಉಳದವು ಬೆಚ್ಚಗ ಅಷ್ಟೇ ಅವ."

ಸಾತಲಿಂಗಪ್ಪ ಬಂದು ಮುಟ್ಟಿದ. ತಂತಿ, ನೀರು ಎಲ್ಲ ನೋಡಿದ್ದ ಅವನು ಇದನ್ನು ನೋಡಿರಲಿಲ್ಲ.

"ಇದರಾಗಿನ ತಗಡು ಎಲ್ಲೀದು?"

"ನಿಮ್ಮ ಪಾತ್ರ್ಯಾಗ ಮೂರೇ ತಗಡು ಆದವು ವೈನಿ. ಇದಕ್ಕ ಬಜಾರದಾಗ ಹೊಸಾ ತಟ್ಟಿ ಕೊಂಡೆ."

ಅವಳು ಆ ತಗಡನ್ನು ತೆಗೆಸಿ ಬಗ್ಗಿಸಿದಳು. ಅದು ಬಾಗದೆ ಪುಟಿದು ಹಿಂದಕ್ಕೆ ಬಂತು. ಅವಳ ಮುಖದಲ್ಲಿ ಅಷ್ಟು ದಿನಗಳಲ್ಲಿ ಮೊದಲ ಬಾರಿ ನಗು ಮೂಡಿತು.

"ಅಸಲ್ ಜರ್ಮನ್ ಅಂದಕಡಿ ಬಾಗ್ತದ. ಇದು ಬೆರಕಿ ಮಾಲು. ನಿನಗ ಟೊಪ್ಪಿಗಿ ಹಾಕ್ಯಾನ ಅಂಗಡ್ಯಾಂವ!"

"ಅದಕ್ಕ ಇದರ ಮ್ಯಾಲ ಪೊರಿ ಕಟ್ಟಿಲ್ಲ, ಬಾಗಲಾ ಮುಚ್ಚಿಲ್ಲ," ಎಂದ ಸಾತಲಿಂಗಪ್ಪ.

ಕಳ್ಳ ಸಿಕ್ಕಿದ್ದ, ಆದರೆ ಅವಳು ಕಾಯುತ್ತಿದ್ದ ಕಳ್ಳ ಅವನಾಗಿರಲಿಲ್ಲ. ಮೈದುನನ ತೂತುಬಿದ್ದ ಧೋತರ ನೋಡಿದಳು. ಒಳಗೆ ಹೋಗಿ, ತಾನು ಮದುವೆಯಲ್ಲಿ ತಂದ ಜರ್ಮನ್ ಮುಚ್ಚಳ ತಂದು ಅವನ ಮುಂದಿಟ್ಟಳು. "ಕತ್ತರಿಸು," ಎಂದಳು.

ಹೊಸ ತಗಡಿಗೆ ಪೊರೆ ಕಟ್ಟುವವರೆಗೆ ಕಾದು, ಅವನು ಬ್ಯಾಟರಿ ಸಿಕ್ಕಿಸಿದ. ಮರುದಿನ ಸಂಜೆ ಮುಂಬಯಿಯ ಸಾರಂಗಿ ಪಡಸಾಲೆಯಲ್ಲಿ ಸ್ವಚ್ಛವಾಗಿ ಕೇಳಿತು. ಅಂಗಡಿಯಿಂದ ಬಂದ ಅವಳ ಗಂಡ ನಾಗಣ್ಣ ಟೊಪ್ಪಿಗೆ ತೆಗೆಯುವುದನ್ನೂ ಮರೆತು ತಮ್ಮನನ್ನು ನೋಡಿದ.

"ವೈನಿ ಹಿಡದ್ರು ಅಣ್ಣಾ ಇದನ್ನ," ಎಂದ ಸಾತಲಿಂಗಪ್ಪ.

ಆಮೇಲೆ ಅಕ್ಕಲಕೋಟದ ಕಡೆಯಿಂದಲೂ ಕರೆಂಟು ತುಂಬಿಸಿಕೊಳ್ಳಲು ಬ್ಯಾಟರಿಗಳು ಬಂಡಿಯಲ್ಲಿ ಬರತೊಡಗಿದವು. ತಗಡು ಕೊಳ್ಳಲು ಸಾತಲಿಂಗಪ್ಪ ಒಬ್ಬನೇ ಹೋಗುತ್ತಿರಲಿಲ್ಲ. ಅವಳು ಮುಂದೆ ನಡೆಯುವಳು, ಅವನು ಹಿಂದೆ ಚೀಲ ಹಿಡಿದುಕೊಂಡು. ಪಾತ್ರೆ ಬಜಾರದಲ್ಲಿ ಅವಳನ್ನು ಕಂಡರೆ ಅಂಗಡಿಯವರು ತಾವಾಗಿಯೇ ಒಳಗಿನ ಮಾಲು ತೆಗೆದಿಡುತ್ತಿದ್ದರು. ಅದನ್ನೂ ಅವಳು ಬಗ್ಗಿಸಿಯೇ ನೋಡುತ್ತಿದ್ದಳು.