ಜೀಪಿನಡಿ ನಾನು, ಸ್ಟೇರಿಂಗ್ ಹಿಂದೆ ಅತ್ತೆ

ಬೂದಿಕೋಟೆಯ ಹತ್ತಿರದ ನಮ್ಮ ಮನೆಯ ಹಳೇ ಜೀಪು ಮಾವನವರ ಕಾಲದ್ದು. ಕೆಸರಿನ ಹೊಲದೊಳಗೂ ಇಳಿದು ಮೇವು ಹೊತ್ತು ತರುವ ಗಟ್ಟಿ ಗಾಡಿ. ಮಾವ ತೀರಿಕೊಂಡ ಮೇಲೆ ಅದನ್ನು ಓಡಿಸುವವಳು ನಾನೊಬ್ಬಳೇ. ಗಂಡ ಬೆಳಗಿನ ರೈಲು ಹಿಡಿದು ಕೆಲಸಕ್ಕೆ ಹೋಗುವವರು. ಹಸುಗಳು, ಮೇವು, ಜೀಪು ನನ್ನ ಪಾಲಿಗೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಸ್ಟೇರಿಂಗ್ ಸಡಿಲವಾಯಿತು. ಅಂಗೈಯಗಲ ತಿರುಗಿಸಿದರೂ ಮುಂದಿನ ಗಾಲಿಗಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಒಂದು ದಿನ ಹಿಂಡಿ ಮೂಟೆ ಹೇರಿಕೊಂಡು ಬಂಗಾರಪೇಟೆಯಿಂದ ಬರುವಾಗ ಎದುರಿಗೆ ಬಸ್ಸು ಬಂತು. ಎಡಕ್ಕೆ ಎಳೆದೆ. ಜೀಪು ಕೊಂಚ ಯೋಚಿಸಿ, ಆಮೇಲೆ ಒಮ್ಮೆಲೇ ಪಕ್ಕದ ಮಣ್ಣಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಪಕ್ಕದಲ್ಲಿದ್ದ ಅತ್ತೆ ಮನೆ ತಲುಪುವವರೆಗೂ ಮುಂದಿನ ಕಂಬಿ ಹಿಡಿದೇ ಕೂತಿದ್ದರು.

ಇಳಿದ ಮೇಲೆ ಅಂದರು, "ಇದು ಸರಿಯಾಗೋಗಂಟ ಯಾರೂ ಜೀಪು ಅತ್ತಬ್ಯಾಡಿ."

ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳ ಹತ್ತಿರ ನಮಗೆ ಗೊತ್ತಿರುವ ಮೆಕ್ಯಾನಿಕ್ ಇದ್ದಾನೆ. ಫೋನ್ ಮಾಡಿದರೆ, ಬೈಕಿನಿಂದ ಬಿದ್ದು ಬಲಗೈಗೆ ಪಟ್ಟಿ ಹಾಕಿಸಿಕೊಂಡಿದ್ದ.

"ಬಯ ವೇಣಾಂ ಅಕ್ಕಾ," ಎಂದು ಧೈರ್ಯ ಹೇಳಿದ. ತಮಿಳು ಬೆರೆಸದೆ ಅವನಿಗೆ ಮಾತು ಬರುವುದಿಲ್ಲ. "ಒಬ್ರು ಕೂತು ಸ್ಟೇರಿಂಗ್ ಆಡ್ಸಿ, ಇನ್ನೊಬ್ರು ಕೆಳಗಡೆಯಿಂದ ಪಾರುಂಗ, ಚೆನ್ನಾಗಿ ನೋಡಿ. ಒಂದು ತುಂಡು ಅಲ್ಲಾಡಿ, ಅದ್ರ ಪಕ್ಕದ್ದು ಅಲ್ಲಾಡ್ಲಿಲ್ಲಾಂದ್ರೆ ಅಲ್ಲೇ ರೋಗ."

ಗಂಡನಿಗೆ ರಜೆ ಬರುವವರೆಗೆ ಕಾಯೋಣ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿ ಡ್ರೈವರ್ ಸೀಟಿಗೆ ಹತ್ತಿಬಿಟ್ಟಿದ್ದರು. ಆ ಕಡೆ ಅವರು ಯಾವತ್ತೂ ಕೂತವರಲ್ಲ.

"ಏನ್ ಮಾಡ್ಬೇಕೇಳು."

ಗೋಣಿಚೀಲ ಹಾಸಿ ಜೀಪಿನಡಿ ಮಲಗಿದೆ. "ಮೆಲ್ಲಗೆ ಎಡಕ್ಕೆ, ಬಲಕ್ಕೆ ಆಡಿಸಿ ಅತ್ತೆ."

"ಮಜ್ಜಿಗೆ ಕಡ್ದಂಗಾ?"

"ಹಂಗೇ."

ಅವರು ಕಡೆಯತೊಡಗಿದರು. ಸ್ಟೇರಿಂಗಿನ ಕಂಬಿ ಇಳಿದು ಸೇರುವ ಕಬ್ಬಿಣದ ಪೆಟ್ಟಿಗೆ ಚಾಸಿಯ ಚೌಕಟ್ಟಿನ ಮೇಲೆ ಗಟ್ಟಿಯಾಗಿ ಕೂತಿರಬೇಕು. ನಮ್ಮದು ಪ್ರತಿ ಸಲವೂ ಜರುಗುತ್ತಿತ್ತು. ಬೋಲ್ಟುಗಳು ಸಡಿಲವಾಗಿದ್ದವು. ಸ್ಪ್ಯಾನರಿಗೆ ಪೈಪು ತೂರಿಸಿ, ಕಾಲು ಒತ್ತಿ ಬಿಗಿದೆ.

"ಈಗ ಕೈಗೆ ಸೊಲ್ಪ ಬಿಗಿ ಸಿಕ್ತೈತೆ," ಅಂದರು ಮೇಲಿನಿಂದ. "ಸಡ್ಲ ಇನ್ನೂ ಪೂರಾ ಓಗಿಲ್ಲ."

ಮತ್ತೆ ಆಡಿಸಿದರು. ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಬಂದೆ. ಪೆಟ್ಟಿಗೆಯ ತೋಳು ಗಾಲಿಯ ಕಡೆಗೆ ಹೋಗುವ ರಾಡನ್ನು ಹಿಡಿಯುವ ಕೀಲಿನಲ್ಲಿ ಬೆರಳಿಗೆ 'ಟಕ್' ಎಂದಿತು. ತೋಳು ಮೊದಲು ಹೋಗುತ್ತಿತ್ತು, ರಾಡು ತಡವಾಗಿ ಹಿಂಬಾಲಿಸುತ್ತಿತ್ತು. ಸಿಕ್ಕಿತು ಎಂದು ಕೂಗಿದ ರಭಸಕ್ಕೆ ಹಣೆ ಕಬ್ಬಿಣಕ್ಕೆ ಬಡಿಯಿತು. ನೋವು ಗೊತ್ತಾಗಲಿಲ್ಲ.

ಮರುದಿನ ಬಸ್ಸಿನಲ್ಲಿ ಬಂಗಾರಪೇಟೆಗೆ ಹೋಗಿ ಹೊಸ ಕೀಲು ತಂದೆ. ಹಳೆಯದು ರಾಡಿನಲ್ಲಿ ಎಲ್ಲಿಯವರೆಗೆ ಕೂತಿತ್ತೋ ಅಲ್ಲಿ ಸೀಮೆಸುಣ್ಣದಿಂದ ಗೀಟು ಹಾಕಿಕೊಂಡೆ. ನಟ್ಟು ತೆಗೆದರೂ ಅದು ಜಪ್ಪಯ್ಯ ಅನ್ನಲಿಲ್ಲ. ಪೆಟ್ಟಿಗೆಯ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆದೂ ಹೊಡೆದೂ ಭುಜ ಸೋತಾಗ ತಾನಾಗಿ ಕಳಚಿ ಎದೆಯ ಮೇಲೆ ಬಿತ್ತು. ಹೊಸದನ್ನು ಗೀಟಿನವರೆಗೆ ಕೂರಿಸಿ, ಗ್ರೀಸು ತುಂಬಿ, ನಟ್ಟು ಕಳಚದಂತೆ ಪಿನ್ನು ಹಾಕಿದೆ. ಕೆರೆ ಕಟ್ಟೆಯ ಪಕ್ಕದ ದಾರಿಯಲ್ಲಿ ಓಡಿಸಿದರೆ ಜೀಪು ನೆಟ್ಟಗೆ ಹೋಯಿತು, ಸ್ಟೇರಿಂಗ್ ಮಾತ್ರ ವಾಲಿಕೊಂಡಿತ್ತು.

"ಸೊಟ್ಟಗೈತಲ್ಲೇ," ಅಂದರು ಅತ್ತೆ. ಮತ್ತೆ ಕೆಳಗೆ ತೆವಳಿ, ಅವರು ಸರಿ ಅನ್ನುವವರೆಗೂ ರಾಡಿನ ಉದ್ದ ಹೆಚ್ಚುಕಡಿಮೆ ಮಾಡಿದೆ.

ಆಮೇಲೆ ಮೆಕ್ಯಾನಿಕ್ಕಿಗೆ ತೋರಿಸಲು ಇಬ್ಬರೂ ಅದರಲ್ಲೇ ಕೆಜಿಎಫ್‌ಗೆ ಹೊರಟೆವು. ಮೈಸೂರು ಮೈನ್ಸ್ ದಾಟುವಾಗ ಒಂದು ಬೆರಳು ಸರಿಸಿದರೂ ಗಾಲಿ ಮಾತು ಕೇಳುತ್ತಿತ್ತು. ಗ್ರೀಸು ಮೆತ್ತಿದ ನನ್ನ ಉಗುರುಗಳನ್ನು ನೋಡಿಕೊಂಡು ನನಗೇ ಜಂಬ ಬಂತು.

ಮೆಕ್ಯಾನಿಕ್ ಎಡಗೈಯಲ್ಲಿ ಸ್ಟೇರಿಂಗ್ ಆಡಿಸಿ ನೋಡಿದ. "ಸೂಪರ್ ಅಕ್ಕಾ! ಯಾರು ಮಾಡಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ನಾವಿಬ್ರೂವೆ. ಇವ್ಳು ಬೋಲ್ಟ್ ಬಿಗಿದ್ಲು. ರೋಗ ಎಲ್ಲೈತೆ ಅಂತ ತೋರ್ಸಿದ್ದು ನಾನು."

ಅವನು ಬಿದ್ದೂ ಬಿದ್ದೂ ನಕ್ಕ. ಅವನ ಕೈ ವಾಸಿಯಾಗಲೆಂದು ಅಲ್ಲೇ ಇನ್ನೊಂದು ಹಳೇ ಜೀಪು ಕಾಯುತ್ತಾ ನಿಂತಿತ್ತು. ಅದಕ್ಕೂ ಇದೇ ಕಾಯಿಲೆಯಂತೆ. ನಾನು ತಿರುಗಿ ನೋಡುವಷ್ಟರಲ್ಲಿ ಅತ್ತೆ ಅದರ ಸೀಟಿನಲ್ಲಿ ಕೂತಾಗಿತ್ತು.

"ನಿಂತ್ಕಂಡು ಏನ್ ನೋಡ್ತೀಯೇ? ಓಗಿ ಕೆಳ್ಗೆ ಮಲ್ಕೊ."